ಓದುವ ಮಕ್ಕಳ ಊರು ಧಾರವಾಡ

ಧಾರವಾಡಕ್ಕೆ ಹೋಗಿ ಬಂದೆನೆಂದರೆ ನಮ್ಮ ಓಣಿಯ ಹೆಂಗಸರು ಕೇಳುವ ಮೊದಲ ಮಾತು, "ಪೇಡೆ ತಂದ್ರೇನ್ರೀ?" ತಂದಿರುತ್ತೇನೆ, ಬರಿಗೈಯಲ್ಲಿ ಬಂದರೆ ಬಿಟ್ಟಾರೆಯೇ! ಆದರೆ ಮೂರು ವರ್ಷಗಳಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಆ ಊರಿಗೆ ಹೋಗುತ್ತ, ಒಂದೊಂದು ಸಲ ಎಂಟು ದಿನ ಇದ್ದು ಬರುತ್ತ, ಆ ಊರು ಯಾರ ದುಡ್ಡಿನಿಂದ ಉಣ್ಣುತ್ತದೆ, ಅಲ್ಲಿ ಓದುವ ಮಕ್ಕಳಿಗೆ ಯಾರು ಉಣಿಸುತ್ತಾರೆ ಎಂಬುದು ಸ್ವಲ್ಪ ಮಟ್ಟಿಗೆ ತಿಳಿದಿದೆ. ಪೇಡೆಯ ಮಾತು ಆಮೇಲೆ ಬರಲಿ. ಮೊದಲು ಇದನ್ನು ಹೇಳುತ್ತೇನೆ. ಯಾಕೆಂದರೆ ನಿಮ್ಮಲ್ಲಿಯೂ ಎಷ್ಟೋ ಜನರ ಮಗನೋ ಮಗಳೋ ಅಲ್ಲಿ ಕೋಣೆ ಹಿಡಿದು ಓದುತ್ತಿರಬಹುದು, ಇಲ್ಲವೆ ನಾಳೆ ಹೊರಡಬಹುದು.

ನನ್ನ ದೊಡ್ಡ ಮಗಳು ಬಿ.ಎಸ್‌ಸಿ. ಮುಗಿಸಿ ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲೆಂದು ಅಲ್ಲಿದ್ದಾಳೆ. ನಾನು ಹೋಗುವುದು ಅದಕ್ಕೆ. ನಾನೇನೂ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಎಸ್ಸೆಸ್ಸೆಲ್ಸಿ ಆದ ಕೂಡಲೆ ಮನೆಯಲ್ಲಿ ಕೂಡಿಸಿದರು. ಹಾಗಾಗಿ ನಾನು ಆ ಊರನ್ನು ನೋಡಿದ್ದು ಹೆಚ್ಚಾಗಿ ಅಡಿಗೆಮನೆಯ ಬಾಗಿಲಿನಿಂದಲೇ ಎನ್ನಿ.

ಧಾರವಾಡ ಅರೆ ಮಲೆನಾಡು, ಅರೆ ಬಯಲುಸೀಮೆ. ಪಡುವಣಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಕಾಡು ಸುರು, ಮೂಡಣಕ್ಕೆ ಹೋದರೆ ಕರಿ ಎರೆಮಣ್ಣಿನ ಹೊಲ. ಹುಬ್ಬಳ್ಳಿಗೂ ಇದಕ್ಕೂ ನಡುವೆ ಸುಮಾರು 20 ಕಿಲೋಮೀಟರು. 1962ರಲ್ಲಿ ಎರಡಕ್ಕೂ ಸೇರಿ ಒಂದೇ ಮಹಾನಗರಪಾಲಿಕೆ ಆಯಿತು. ಆದರೆ ಎರಡರ ಸ್ವಭಾವ ಒಂದೇ ಅಂತ ಯಾರೂ ಹೇಳಲಾರರು. ಹುಬ್ಬಳ್ಳಿ ವ್ಯಾಪಾರಕ್ಕೆ ಹುಟ್ಟಿದ ಊರು. ಅಲ್ಲಿ ಬೆಳಗಾದರೆ ಗಾಡಿ ಲಾರಿಗಳ ಗದ್ದಲ. ಧಾರವಾಡದಲ್ಲಿ ಬೆಳಗಾದರೆ ಮೈದಾನದ ಸುತ್ತ ಓಡುವ ಹುಡುಗರು, ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಲಗುಬಗೆಯಿಂದ ಹೋಗುವ ಹುಡುಗಿಯರು. ಜೂನ್‌ನಲ್ಲಿ ಹಿಡಿದ ಜಿಟಿಜಿಟಿ ಮಳೆ ಸಪ್ಟೆಂಬರ್‌ವರೆಗೆ ಬಿಟ್ಟೂ ಬಿಡದೆ ಹೊಡೆಯುತ್ತದೆ. ಒಣಗಿಸಿದ ಬಟ್ಟೆ ಮೂರು ದಿನವಾದರೂ ಹಸಿಯೇ. ಆದರೂ ಆ ತಂಪಿನಲ್ಲಿ ಓದಲಿಕ್ಕೆ ಮನಸ್ಸು ಬರುತ್ತದಂತೆ. ಮಗಳು ಹೇಳುವ ಮಾತು, ನಂಬುತ್ತೇನೆ.

ಈ ಊರಿಗೆ ಓದುವವರು ಬರತೊಡಗಿದ್ದು ಇಂದು ನಿನ್ನೆಯಲ್ಲ. ಮುಂಬಯಿ ಸರಕಾರದ ಆಳಿಕೆಯಲ್ಲಿ ಈ ಸೀಮೆಯ ಶಾಲೆಗಳಲ್ಲಿ ಮರಾಠಿಯದೇ ಜೋರು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಕಲಿಸಬೇಕೆಂದು ಡೆಪ್ಯುಟಿ ಚನ್ನಬಸಪ್ಪನವರಂಥವರು ಹೋರಾಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಮುಂದಾಗಿ ವಿದ್ಯಾವರ್ಧಕ ಸಂಘ ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಆದರೆ ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ನಮ್ಮ ಬೇಂದ್ರೆಯವರೂ ಪುಣೆಯಲ್ಲಿಯೇ ಓದಿ ಬಂದವರು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂತಾದ ಹಿರಿಯರು ಊರೂರು ತಿರುಗಿ ಹಣ ಕೂಡಿಸಿದ ಮೇಲೆ 1917ರಲ್ಲಿ ಕರ್ನಾಟಕ ಕಾಲೇಜು ಆಯಿತು. ಅದರ ಕಲ್ಲಿನ ದೊಡ್ಡ ಕಟ್ಟಡ ಮೊದಲು ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ಒಂದು ಕಾಲಕ್ಕೆ ಗಾಡಿಗಳ ಲೆಕ್ಕ ಬರೆಯುತ್ತಿದ್ದ ಮನೆಯಲ್ಲಿ ಮಕ್ಕಳಿಗೆ ಪಾಠ ಸುರುವಾಯಿತು. 1947ರಲ್ಲಿ ಕೃಷಿ ಕಾಲೇಜು, 1949ರಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೇ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, ಹೀಗೆ ಒಂದರ ಬೆನ್ನಿಗೆ ಒಂದು. ವಿಶ್ವವಿದ್ಯಾಲಯದ ಗುಡ್ಡದ ಮೇಲೆ ನಿಂತು ಆ ಕಟ್ಟಡ ನೋಡಿದರೆ ಅರಮನೆಯನ್ನು ನೋಡಿದ ಹಾಗೆ ಆಗುತ್ತದೆ. ಡಿ. ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲದಲ್ಲಿ ಅದೆಲ್ಲ ಬೆಳೆಯಿತು. ಆ ಬಡಾವಣೆಗೆ ಅವರದೇ ಹೆಸರು, ಪಾವಟೆ ನಗರ.

ಕಟ್ಟಡದ ಇತಿಹಾಸವನ್ನು ಎಲ್ಲರೂ ಬರೆಯುತ್ತಾರೆ. ಅಲ್ಲಿಗೆ ಬಂದ ಬಡ ಮಕ್ಕಳು ಉಂಡದ್ದು ಎಲ್ಲಿ, ಅದನ್ನು ಬರೆಯುವವರು ಕಡಿಮೆ.

ವಾರಾನ್ನ ಎಂಬ ಮಾತನ್ನು ನಮ್ಮ ಹಿರಿಯರಿಂದ ಕೇಳಿರುತ್ತೀರಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಹಿಡಿದು ಹುಡುಗರು ಓದಿ ದೊಡ್ಡವರಾದರು. ಒಂದು ಮನೆಯಲ್ಲಿ ಮುಟ್ಟು, ಮೈಲಿಗೆ, ಮದುವೆ, ಮಸಣ ಏನಾದರೂ ಬಂದರೆ ಆ ದಿನ ಆ ಹುಡುಗನಿಗೆ ಉಪವಾಸ. ಇನ್ನು ಮಠಗಳ ಪ್ರಸಾದ ನಿಲಯಗಳು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡ ಮಕ್ಕಳಿಗೆ ಪುಕ್ಕಟೆ ಊಟ ವಸತಿ ಕೊಟ್ಟು ಓದಿಸಿದರೆಂದು ಇಂದಿಗೂ ಮುದುಕರು ಕೈ ಮುಗಿದು ಹೇಳುತ್ತಾರೆ. ಭಕ್ತರ ಮನೆಗಳಿಂದ ಜೋಳ ಬರುತ್ತಿತ್ತು, ಕಟ್ಟಿಗೆ ಬರುತ್ತಿತ್ತು. ಅದನ್ನು ಕೊಟ್ಟ ಮನೆಗಳಲ್ಲಿ ಜೋಳ ಹಸನು ಮಾಡಿ ಚೀಲ ತುಂಬಿದ ಕೈ ಯಾರದು? ವಾರಾನ್ನದ ಹುಡುಗನಿಗೆ ಇನ್ನೊಂದು ಸವಟು ಸಾರು ಬಡಿಸಿದ ಕೈ ಯಾರದು? ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಈಗ ವಾರಾನ್ನ ಇಲ್ಲ. ಈಗ ಮೆಸ್ಸು, ಪಿ.ಜಿ., ರೊಟ್ಟಿ ಕೇಂದ್ರ. ಸಪ್ತಾಪುರ, ಜಯನಗರ, ಶ್ರೀನಗರದ ಕಡೆ ಒಂದು ಸುತ್ತು ಹಾಕಿ ನೋಡಿ. ಮನೆಮನೆಯ ಗೇಟಿಗೂ ಒಂದು ಬೋರ್ಡು, "ಹುಡುಗಿಯರಿಗೆ ಕೋಣೆ ಬಾಡಿಗೆಗೆ ಇದೆ." ಲೈಟಿನ ಕಂಬ, ಕಾಂಪೌಂಡು ಗೋಡೆ, ಎಲ್ಲಿ ನೋಡಿದರೂ ಕೋಚಿಂಗ್ ಕ್ಲಾಸುಗಳ ದೊಡ್ಡ ದೊಡ್ಡ ಫೋಟೋ. ಕೆ.ಎ.ಎಸ್., ಪಿ.ಎಸ್.ಐ., ಪಿ.ಡಿ.ಓ., ಎಫ್.ಡಿ.ಎ., ಶಿಕ್ಷಕರ ಹುದ್ದೆ, ಬ್ಯಾಂಕು, ರೈಲ್ವೆ. ಈ ಅಕ್ಷರಗಳು ನನಗೂ ಬಾಯಿಪಾಠ ಆಗಿಬಿಟ್ಟಿವೆ! ಒಂದು ಸಣ್ಣ ಅಂಗಡಿಯಲ್ಲಿ ಝೆರಾಕ್ಸು, ಅದರ ಪಕ್ಕ ಹಳೆ ಪುಸ್ತಕ, ಅದರ ಪಕ್ಕ ಚಹಾ, ಅದರ ಪಕ್ಕ ಗಿರಮಿಟ್ಟು ಮಿರ್ಚಿ. ಎಲ್ಲಕ್ಕಿಂತ ನನಗೆ ಸೋಜಿಗವಾದದ್ದು ಓದುವ ಕೋಣೆಗಳು. ಲೈಬ್ರರಿ ಅಂತ ಬೋರ್ಡು ಇರುತ್ತದೆ, ಒಳಗೆ ಪುಸ್ತಕ ಇರುವುದಿಲ್ಲ. ಸಣ್ಣ ಸಣ್ಣ ಗೂಡಿನಂಥ ಮೇಜು, ಕುರ್ಚಿ, ಒಂದೊಂದು ದೀಪ. ತಿಂಗಳಿಗೆ ಇಷ್ಟು ಅಂತ ಕೊಟ್ಟು ಕುರ್ಚಿಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಕೋಣೆಯಲ್ಲಿ ನಾಲ್ಕು ಜನ ಇರುವಾಗ ಒಬ್ಬಳ ಫೋನು, ಇನ್ನೊಬ್ಬಳ ನಿದ್ದೆ, ಓದು ಆಗುವುದಿಲ್ಲವಂತೆ. ನಮ್ಮ ಕಾಲದಲ್ಲಿ ಸುಮ್ಮನೆ ಇರುವುದಕ್ಕೆ ದುಡ್ಡು ಕೊಡುವುದು ಇತ್ತೇ?

ಬಾಗಿಲು ತೆರೆದಿದ್ದ ಒಂದು ರೊಟ್ಟಿ ಕೇಂದ್ರಕ್ಕೆ ನಾನು ಹೋಗಿ ಕೂತದ್ದು ಮಳೆಯಿಂದ ತಪ್ಪಿಸಿಕೊಳ್ಳಲು. ಒಂದು ಮನೆಯ ಮುಂದಿನ ಪಡಸಾಲೆ ಅಷ್ಟೇ. ಮೂವರು ಹೆಂಗಸರು. ಇಬ್ಬರು ಬಡಿಯುವುದು, ಒಬ್ಬಳು ಬೇಯಿಸುವುದು. ಬೆಳಗಿನ ನಾಲ್ಕೂವರೆಗೆ ಒಲೆ ಹಚ್ಚಿದರೆ ಹನ್ನೊಂದಕ್ಕೆ ಒಂದು ಪಾಳಿ ಮುಗಿಯುತ್ತದೆ, ಸಂಜೆ ಮತ್ತೆ ನಾಲ್ಕಕ್ಕೆ. ಕೊಣಮಿಗೆಯಲ್ಲಿ ಹಿಟ್ಟು ನಾದಿ, ಮಣೆಯ ಮೇಲೆ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿದ್ದನ್ನು ತೆಗೆಯುವುದು. ನಾವೆಲ್ಲ ಮಾಡುವುದೇ. ಆದರೆ ನಾವು ಹದಿನೈದು ಮಾಡಿ ಉಸ್ಸಪ್ಪಾ ಎನ್ನುತ್ತೇವೆ, ಅವರು ದಿನಕ್ಕೆ ಐದುನೂರು ಮಾಡಿ ಹರಟೆ ಹೊಡೆಯುತ್ತ ಕೂತಿದ್ದರು. ಸುತ್ತಲಿನ ಮೆಸ್ಸುಗಳಿಗೆ ಇಲ್ಲಿಂದಲೇ ಹೋಗುತ್ತದೆ. ಹುಡುಗರು ಬಂದು ನಾಲ್ಕೋ ಆರೋ ಕಟ್ಟಿಸಿಕೊಂಡು, ಒಂದು ಪುಡಿಕೆ ಪಲ್ಯ ಕೊಂಡು ಹೋಗುತ್ತಾರೆ.

"ಮಳಿಗಾಲದಾಗ ಭಾಳ ಹೋಗತಾವ್ರಿ. ಪರೀಕ್ಷಾ ಹತ್ತರ ಬಂದ್ರ ಇನ್ನೂ ಭಾಳ. ಹುಡುಗೂರಿಗೆ ಓದೂದ್ರಾಗ ಹಸಿವಿ ಜಾಸ್ತಿ," ಅಂದಳು ಹಂಚಿನ ಮುಂದಿನವಳು. ಜೋಳದ ದರ ಏರಿದರೂ ರೊಟ್ಟಿಗೆ ಒಂದು ರೂಪಾಯಿ ಹೆಚ್ಚು ಮಾಡಲು ಅವಳಿಗೆ ಧೈರ್ಯವಿಲ್ಲ. "ಒಂದು ರೂಪಾಯಿ ಏರಿಸಿದ್ರ ಆರು ತಿನ್ನೂ ಹುಡುಗ ಐದು ತಿಂತಾನ. ಅವನ ಮಾರಿ ನೋಡಿ ನಾವs ಒಂದು ಹಾಕಿ ಕೊಡಬೇಕು. ಲುಕ್ಸಾನ ನಮಗs." ಅವಳ ಗಂಡ ಇಲ್ಲ. ಒಬ್ಬಳು ಮಗಳು ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ. ಆ ಹುಡುಗಿ ಬೆಳಿಗ್ಗೆ ಎರಡು ತಾಸು ಹಿಟ್ಟು ನಾದಿ ಕೊಟ್ಟು ಕ್ಲಾಸಿಗೆ ಹೋಗುತ್ತಾಳಂತೆ.

ಇದು ನೋಡಿ ಊರಿನ ಲೆಕ್ಕ. ನಾವು ಹಳ್ಳಿ ತಾಲ್ಲೂಕುಗಳಿಂದ ಮಗಳ ಕೈಗೆ ಕಳಿಸುವ ಹಣ ಕೋಚಿಂಗ್‌ ಫೀಯಾಗಿ ಒಂದು ಪಾಲು, ಬಾಡಿಗೆಯಾಗಿ ಒಂದು ಪಾಲು, ಮೆಸ್ಸಿಗೆ ಒಂದು ಪಾಲು ಹೋಗುತ್ತದೆ. ಮೆಸ್ಸಿನಿಂದ ರೊಟ್ಟಿಯವಳಿಗೆ, ಅವಳಿಂದ ಜೋಳದ ಅಂಗಡಿಗೆ, ಅಲ್ಲಿಂದ ತಿರುಗಿ ನಮ್ಮಂಥವರ ಹೊಲಕ್ಕೆ. ದೊಡ್ಡ ಪಾಲು ಮಾತ್ರ ಹೊಲಕ್ಕೆ ತಿರುಗುವುದಿಲ್ಲ, ಗೋಡೆಯ ಮೇಲೆ ಫೋಟೋ ಹಾಕಿಕೊಂಡವರ ಹತ್ತಿರ ಉಳಿಯುತ್ತದೆ. ಇದು ನನ್ನ ಅಭಿಪ್ರಾಯ. ಕೋಪ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಕೋಣೆ ಕೊಟ್ಟವರಲ್ಲಿಯೂ ನಾನಾ ನಮೂನೆ. ಮೊದಲು ನಾವು ಹಿಡಿದ ಕೋಣೆಯಲ್ಲಿ ನೀರು ಒಂದು ದಿನ ಬಂದರೆ ಮೂರು ದಿನ ಇಲ್ಲ. ಬಿಟ್ಟು ಹೊರಟಾಗ ಸುಣ್ಣಕ್ಕೆ ಇಷ್ಟು, ಒಡೆದ ನಲ್ಲಿಗೆ ಇಷ್ಟು ಅಂತ ಅಡ್ವಾನ್ಸಿನ ಅರ್ಧ ಹಣ ಮುರಿದುಕೊಂಡರು. ಆ ನಲ್ಲಿ ನಾವು ಹೋಗುವ ಮೊದಲೇ ಒಡೆದಿತ್ತು. ಈಗಿನ ಮನೆಯ ಅಮ್ಮ ಬೇರೆ. ಗಂಡ ತೀರಿಕೊಂಡ ಮೇಲೆ ಮೇಲಿನ ಮೂರು ಕೋಣೆಗಳನ್ನು ಹುಡುಗಿಯರಿಗೆ ಕೊಟ್ಟಿದ್ದಾರೆ. ಅದೇ ಅವರ ಪೆನ್ಷನ್ನು. ರಾತ್ರಿ ಎಂಟೂವರೆಗೆ ಗೇಟಿಗೆ ಕೀಲಿ. ಹುಡುಗಿಯರು ಹಿಂದೆ ಗೊಣಗುತ್ತಾರೆ. ಜ್ವರ ಬಂದಾಗ ಗಂಜಿ ಕುಡಿಸುವುದೂ ಅವರೇ. 2020ರಲ್ಲಿ ಕೊರೋನ ಬಂದು ಮಕ್ಕಳೆಲ್ಲ ಗಂಟುಮೂಟೆ ಕಟ್ಟಿ ಊರಿಗೆ ಹೋದಾಗಿನ ಮಾತು ಅವರು ಹೇಳಿದರು. ಇಡೀ ಓಣಿಯಲ್ಲಿ ಸದ್ದೇ ಇಲ್ಲ. ಮೆಸ್ಸಿನ ಬಾಗಿಲು ಹಾಕಿದವು, ಝೆರಾಕ್ಸಿನವನು ತರಕಾರಿ ಮಾರಿದ, ಇವರು ಬಳೆ ಒತ್ತೆ ಇಟ್ಟರು. "ಹುಡುಗೂರು ಗದ್ದಲಾ ಮಾಡತಾರ ಅಂತ ಬೈತಿದ್ದೆ. ಗದ್ದಲಾ ಇಲ್ಲದ ಮನಿ ಸ್ಮಶಾನ ಇದ್ಹಂಗ ಇತ್ತ್ರಿ," ಅಂದರು.

ಕೋಣೆ ನೋಡಲು ಹೋಗುವ ತಾಯಂದಿರಿಗೆ ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮನೆಯವರನ್ನಲ್ಲ, ಈಗಾಗಲೆ ಇರುವ ಹುಡುಗಿಯರನ್ನು ಕೇಳಿ. ಅಡ್ವಾನ್ಸು ಕೊಟ್ಟದ್ದಕ್ಕೆ ಚೀಟಿ ಬರೆಯಿಸಿಕೊಳ್ಳಿ, ಒಡೆದದ್ದು ಬಿರಿದದ್ದು ಏನಿದ್ದರೂ ಅದೇ ಚೀಟಿಯಲ್ಲಿ ಬರೆಯಿಸಿ. ಬಚ್ಚಲಿನ ಚಿಲಕ ಒಳಗಿನಿಂದ ಬೀಳುತ್ತದೆಯೇ ನೋಡಿ. ಮತ್ತೆ ಮಳೆಗಾಲದಲ್ಲಿ ಹೋಗಿ ನೋಡಿದರೆ ಗೋಡೆಯ ನಿಜ ತಿಳಿಯುತ್ತದೆ. ಬೇಸಿಗೆಯಲ್ಲಿ ಎಲ್ಲ ಗೋಡೆಗಳೂ ಒಳ್ಳೆಯವೇ!

ಮಕ್ಕಳ ಊಟಕ್ಕೆ ಮೆಸ್ಸೊಂದೇ ಆಧಾರವಲ್ಲ. ಬಸ್ಸಿನಲ್ಲಿ ಬರುವ ಬುತ್ತಿಯನ್ನು ನೀವು ನೋಡಬೇಕು. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ತಾಯಂದಿರು ಡಬ್ಬಿ ಕೊಟ್ಟು ಕಳಿಸುತ್ತಾರೆ. ಡಬ್ಬಿಗೆ ಬಟ್ಟೆಯ ಚೀಲ, ಚೀಲದ ಮೇಲೆ ಹೆಸರು. ಕಂಡಕ್ಟರ್ ಅದನ್ನು ನಿಲ್ದಾಣದಲ್ಲಿ ಇಳಿಸುತ್ತಾನೆ, ಹುಡುಗ ಬಂದು ಒಯ್ಯುತ್ತಾನೆ, ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ತಿರುಗಿ ಹೋಗುತ್ತದೆ. ಇದಕ್ಕೆ ರಸೀದಿ ಇಲ್ಲ, ಬಾಡಿಗೆ ಇಲ್ಲ. ತಾಯಿಯ ಮೇಲಿನ ಮರ್ಯಾದೆಗೆ ನಡೆಯುತ್ತದೆ. ಒಬ್ಬ ಹುಡುಗ ಡಬ್ಬಿಯನ್ನು ನಿಲ್ದಾಣದಲ್ಲಿಯೇ ಬಿಚ್ಚಿ ಮೊದಲು ವಾಸನೆ ನೋಡಿ, ಮತ್ತೆ ಮುಚ್ಚಿ, ಸೈಕಲ್ಲಿಗೆ ಸಿಗಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಊರು ದೂರ, ನಿತ್ಯ ಬುತ್ತಿ ಆಗದು. ನಾನು ಒಯ್ಯುವುದು ಕಟಕ ರೊಟ್ಟಿ. ಎಳ್ಳು ಹಚ್ಚಿ ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಒಲೆಯ ಮಗ್ಗುಲಿಗೆ ಆನಿಸಿ ಗರಿಗರಿ ಒಣಗಿಸಿದರೆ ತಿಂಗಳು ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಶೇಂಗಾ ಹಿಂಡಿಗೆ ಕಾಳನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಒಣ ಖಾರದ ಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಒರಳಿನಲ್ಲಿ ಕುಟ್ಟಿ. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮಿಕ್ಸಿಯೇ ಗತಿ ಎಂದರೆ ನಿಲ್ಲಿಸಿ ನಿಲ್ಲಿಸಿ ತಿರುವಿ. ಹಸಿ ಕೈ ತಾಗಿಸಬೇಡಿ. ಮಳೆಗಾಲದಲ್ಲಿ ಧಾರವಾಡಕ್ಕೆ ಕಳಿಸುವ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಇಲ್ಲದಿದ್ದರೆ ನಾಲ್ಕೇ ದಿನಕ್ಕೆ ರೊಟ್ಟಿ ಮೆತ್ತಗಾಗಿ ಕೂಡುತ್ತದೆ.

ಮಗಳ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ, ಬೇರೆ ಬೇರೆ ಜಿಲ್ಲೆಯವರು. ನಾನು ಹೋದಾಗ ಅವರ ಮಾತು ಕೇಳುತ್ತ ಕೂಡುತ್ತೇನೆ. ಅವರ ಮಾತಿನಲ್ಲಿ ಮದುವೆ, ಸಿನಿಮಾ, ಸೀರೆ ಬರುವುದಿಲ್ಲ; ಬರುವುದು ತಾರೀಖು. ಯಾವ ಪರೀಕ್ಷೆ ಯಾವಾಗ ಕರೆಯುತ್ತಾರೆ, ಯಾವುದು ಮುಂದೆ ಹೋಯಿತು, ಯಾವುದು ಕೋರ್ಟಿಗೆ ಹೋಯಿತು. ನಿಮಗೂ ನೆನಪಿರಬಹುದು, 545 ಪಿ.ಎಸ್.ಐ. ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯನ್ನೇ ರದ್ದು ಮಾಡಿದರು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದ ಮಕ್ಕಳ ಎರಡು ವರ್ಷ ಯಾರು ಕೊಡುತ್ತಾರೆ? 384 ಕೆ.ಎ.ಎಸ್. ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟಿನಲ್ಲಿ ನಡೆದಾಗ ಕನ್ನಡದ ಪ್ರಶ್ನೆಪತ್ರಿಕೆಯ ಅನುವಾದವೇ ತಪ್ಪು ತಪ್ಪು. ಗದ್ದಲವಾಗಿ ಡಿಸೆಂಬರಿನಲ್ಲಿ ಮತ್ತೊಮ್ಮೆ ನಡೆಸಿದರು. ಕನ್ನಡದಲ್ಲಿ ಓದಬೇಕೆಂದು ಹಿರಿಯರು ಹೋರಾಡಿದ ಊರಿನಲ್ಲಿ ಕೂತು, ಕನ್ನಡದ ಪ್ರಶ್ನೆಯೇ ಅರ್ಥವಾಗದೆ ಇಂಗ್ಲಿಷ್ ಪ್ರಶ್ನೆ ಓದಿ ಉತ್ತರ ಬರೆಯುವ ಗತಿ ಬಂತಲ್ಲ ಎಂದು ನಮ್ಮ ಮನೆಯವರು ಪತ್ರಿಕೆ ಓದಿ ಸಿಟ್ಟಾಗಿದ್ದರು. ಅಷ್ಟರಲ್ಲಿ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಬೇಡವೆಂದು 2024ರ ಅಕ್ಟೋಬರಿನಲ್ಲಿ ಸರಕಾರ ತಡೆ ಹಾಕಿತು. ನ್ಯಾಯ ಆಗಬೇಕಾದವರಿಗೆ ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯುವ ಕೋಣೆಯ ಬಾಡಿಗೆ ತಡೆಯುವುದಿಲ್ಲವಲ್ಲ. 2025ರಲ್ಲಿ ಈ ಮಕ್ಕಳು ಸಾವಿರಗಟ್ಟಲೆ ಧಾರವಾಡದ ಬೀದಿಗೆ ಇಳಿದು, ಹುದ್ದೆ ಕರೆಯಿರಿ, ವಯಸ್ಸು ಮೀರುತ್ತಿದೆ ಎಂದು ಕೂಗಿದರು.

ಗಂಡುಹುಡುಗರಿಗೆ ಮೀರುವುದು ಸರಕಾರ ಬರೆದ ವಯಸ್ಸು. ಹೆಣ್ಣುಮಕ್ಕಳಿಗೆ ಅದಕ್ಕಿಂತ ಮೊದಲು ಮೀರುವ ಇನ್ನೊಂದು ವಯಸ್ಸು ಇದೆ. ಅದನ್ನು ಬರೆಯುವವರು ನೆಂಟರು. ಮಗಳ ಕೋಣೆಯಲ್ಲಿದ್ದ ಒಬ್ಬಳು ಹುಡುಗಿ, ಬಹಳ ಜಾಣೆ, ಎಲ್ಲರಿಗೂ ಗಣಿತ ಹೇಳಿಕೊಡುತ್ತಿದ್ದವಳು, ಹೋದ ಮಾಘ ಮಾಸದಲ್ಲಿ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಎರಡು ವರ್ಷ ಅಂತ ಮಾತಾಗಿತ್ತು, ಎರಡು ವರ್ಷ ಮುಗಿದಿತ್ತು, ಪರೀಕ್ಷೆ ಮಾತ್ರ ಆಗಿರಲಿಲ್ಲ. ಅವಳ ಪುಸ್ತಕಗಳನ್ನು ಒಯ್ಯಲು ಅವಳ ಅಣ್ಣ ಬಂದಿದ್ದ. "ಒಯ್ದು ಏನ್ಮಾಡೂದೈತಿ, ನೀವs ಇಟಗೋರಿ," ಅಂತ ಹೇಳಿ ಹಾಸಿಗೆ, ಬಕೀಟು ಅಷ್ಟೇ ತೆಗೆದುಕೊಂಡು ಹೋದ. ಆ ರಾತ್ರಿ ಹುಡುಗಿಯರು ಮೂವರೂ ಊಟ ಮಾಡಲಿಲ್ಲವಂತೆ.

ನಮ್ಮಲ್ಲಿಯೂ ಆ ಮಾತು ಬರುತ್ತದೆ. ನಮ್ಮ ಅತ್ತೆಯವರು ಬಾಯಿ ಬಿಟ್ಟು ಕೇಳುತ್ತಾರೆ, ಉಳಿದವರು ಕಣ್ಣಿನಿಂದ ಕೇಳುತ್ತಾರೆ. ನಾನು ನಮ್ಮ ಮನೆಯವರಿಗೆ ಒಂದೇ ಮಾತು ಹೇಳಿದ್ದೇನೆ: ಸರಕಾರ ತಡಮಾಡಿದ ದಿನಗಳನ್ನು ಮಗಳ ಲೆಕ್ಕಕ್ಕೆ ಹಿಡಿಯಬಾರದು. ಅವರು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ತಿಂಗಳ ಹಣ ಮಾತ್ರ ತಪ್ಪದೆ ಕಳಿಸುತ್ತಿದ್ದಾರೆ.

ಇಷ್ಟು ಹೇಳಿದೆನೆಂದು ಧಾರವಾಡವೆಂದರೆ ಬರೀ ಕೋಚಿಂಗ್ ಎಂದುಕೊಳ್ಳಬೇಡಿ. ನಮ್ಮ ಮಗಳು ಎರಡು ವರ್ಷ ಅಲ್ಲಿದ್ದೂ ಸಾಧನಕೇರಿ ನೋಡಿರಲಿಲ್ಲ! ಬೇಂದ್ರೆಯವರಿಗೆ ಜ್ಞಾನಪೀಠ ಯಾವ ಕೃತಿಗೆ ಬಂತು ಅಂದರೆ "ನಾಕುತಂತಿ" ಅಂತ ನಿದ್ದೆಯಲ್ಲಿಯೂ ಹೇಳುತ್ತಾಳೆ, ಒಂದು ಅಂಕದ ಪ್ರಶ್ನೆ ಅದು. ಅವರ ಮನೆ ಅವಳ ಕುರ್ಚಿಯಿಂದ ಆಟೋದಲ್ಲಿ ಹೋಗುವಷ್ಟು ದೂರ. ಒಂದು ಭಾನುವಾರ ಒತ್ತಾಯದಿಂದ ಕರೆದುಕೊಂಡು ಹೋದೆ. ಕೆರೆಯ ದಂಡೆಯಲ್ಲಿ ನಡೆದು, ಮನೆ ನೋಡಿ, ಮರದ ಕೆಳಗೆ ಕೂತು ತಂದಿದ್ದ ಚುರುಮುರಿ ತಿಂದೆವು. ಹುಡುಗಿ ಅಂದು ಪುಸ್ತಕದ ಮಾತು ಎತ್ತಲಿಲ್ಲ.

ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. 1933ರಲ್ಲಿ ಸುರುವಾದ ಪ್ರಕಾಶನ. ಜಿ. ಬಿ. ಜೋಶಿಯವರು ಅದನ್ನು ನಡೆಸಿದರು. ದೊಡ್ಡ ದೊಡ್ಡ ಸಾಹಿತಿಗಳೆಲ್ಲ ಆ ಅಟ್ಟ ಹತ್ತಿ ಹರಟೆ ಹೊಡೆದವರೇ. ಗಿರೀಶ ಕಾರ್ನಾಡರು ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ 1958ರಲ್ಲಿ ಪದವಿ ಪಡೆದವರು. ಅವರ ನಾಟಕಗಳನ್ನು ಅಚ್ಚು ಹಾಕಿದ್ದೂ ಇಲ್ಲಿಯೇ. ಇನ್ನು ಸಂಗೀತ. ಸಿತಾರದ ರಹಿಮತ್ ಖಾನರು ಬಂದು ನೆಲೆಸಿ 1931ರಲ್ಲಿ ಸಂಗೀತ ಶಾಲೆ ಕಟ್ಟಿದ ಊರು ಇದು. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು ಇಲ್ಲಿ ಬಾಳಿದರು. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದೂ ಧಾರವಾಡದಲ್ಲಿಯೇ. 1950ರ ಜನವರಿಯಲ್ಲಿ ಆಕಾಶವಾಣಿ ಬಂದ ಮೇಲೆ ಇವರ ಹಾಡು ನಮ್ಮ ಅಜ್ಜಿಯರ ಅಡಿಗೆಮನೆಗೂ ಬಂತು. ಈಗಲೂ ಸೃಜನಾ ರಂಗಮಂದಿರದಲ್ಲಿ ಸಂಜೆ ಸಂಗೀತವೋ ನಾಟಕವೋ ಇರುತ್ತದೆ, ಬಹಳ ಸಲ ಟಿಕೆಟ್ಟೂ ಇರುವುದಿಲ್ಲ. ಆದರೆ ಕೂತವರ ತಲೆ ನೋಡಿದರೆ ಮುಕ್ಕಾಲು ಪಾಲು ಬಿಳಿ. ಓದುವ ಮಕ್ಕಳು ಅಲ್ಲಿ ಕಾಣುವುದು ಅಪರೂಪ. ಪಾಪ, ಅವರಿಗೆ ಹೊತ್ತೆಲ್ಲಿ? ಶನಿವಾರ ನುಗ್ಗೀಕೇರಿ ಹನುಮಪ್ಪನ ಗುಡಿಯಲ್ಲಿ ಮಾತ್ರ ಎಲ್ಲರೂ ಸಿಗುತ್ತಾರೆ, ಹಾಲ್ ಟಿಕೆಟನ್ನು ದೇವರ ಮುಂದೆ ಹಿಡಿಯಲು.

ಹೊಸದಾಗಿ ಐ.ಐ.ಟಿ. ಬಂದಿದೆ, 2016ರಲ್ಲಿ ಸುರುವಾಗಿ 2023ರಲ್ಲಿ ಸ್ವಂತ ಕಟ್ಟಡ ಉದ್ಘಾಟನೆಯಾಯಿತು. ಹೈಕೋರ್ಟ್ ಪೀಠ 2013ರಿಂದ ಕಾಯಂ ಆಗಿದೆ. ಊರ ಹೊರಗಿನ ಜಾಗದ ಬೆಲೆ ಏರಿದೆ ಎನ್ನುತ್ತಾರೆ. ಒಳಗಿನ ಓಣಿಗಳ ಬದುಕು ಅದರಿಂದ ಅಷ್ಟೇನೂ ಬದಲಾದಂತೆ ನನಗೆ ಕಾಣಲಿಲ್ಲ. ಅವರು ಆವರಣದೊಳಗೇ ಉಂಡು ಮಲಗುವವರು.

ಸರಿ, ಪೇಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರಪ್ರದೇಶದ ಉನ್ನಾವದ ಕಡೆಯಿಂದ ಪ್ಲೇಗಿಗೆ ಹೆದರಿ ಬಂದ ರಾಮರತನ ಸಿಂಗ್ ಠಾಕೂರರು ಹೊಟ್ಟೆಪಾಡಿಗೆ ಸುರು ಮಾಡಿದ್ದು ಅದು. ಲೈನ್ ಬಜಾರಿನಲ್ಲಿ ಆ ಮನೆತನದ ಅಂಗಡಿಯ ಮುಂದೆ ಸಾಲು ನಿಲ್ಲಬೇಕು. ಆಮೇಲೆ ಬಂದ ಮಿಶ್ರಾ ಅವರ ಪೇಡೆಯಂತೂ ಎಲ್ಲ ಕಡೆ ಸಿಗುತ್ತದೆ. 2007ರಲ್ಲಿ ಧಾರವಾಡ ಪೇಡೆಗೆ ಜಿ.ಐ. ಗುರುತು ಸಿಕ್ಕಿತು. ಬೇರೆ ಕಡೆಯ ಪೇಡೆ ಬಿಳಿ, ಇದು ಕಂದು. ಎಮ್ಮೆಯ ಹಾಲಿನ ಖೋವಾ ಸಕ್ಕರೆ ಹಾಕಿ ತಾಸುಗಟ್ಟಲೆ ಹುರಿಯುತ್ತ ಹೋದರೆ ಆ ಬಣ್ಣ, ಆ ಮರಳು ಮರಳು ಬಾಯಿ. ಕೊನೆಗೆ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಸುತ್ತಲಿನ ಗೌಳಿಗರು ಸಾಕುವ ಎಮ್ಮೆಗೂ "ಧಾರವಾಡಿ" ಎಂಬ ತಳಿಯ ಮಾನ್ಯತೆ 2021ರಲ್ಲಿ ಸಿಕ್ಕಿದೆ. ಮನೆಯಲ್ಲಿ ಮಾಡಬಹುದೇ ಎಂದು ಕೇಳುವವರಿಗೆ: ಮಾಡಬಹುದು, ಆದರೆ ರಟ್ಟೆ ಹೋಗುತ್ತದೆ, ಗ್ಯಾಸೂ ಹೋಗುತ್ತದೆ. ಕೊಂಡು ತರುವುದೇ ಮೇಲು.

ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಸಪ್ಟೆಂಬರಿನ ಕೃಷಿ ಮೇಳಕ್ಕೆ ಹೋಗುವುದಾದರೆ ಕೊಡೆ ಬೇಕು, ಆ ದಿನಗಳಲ್ಲಿ ಲಾಡ್ಜಿನಲ್ಲಿ ಕೋಣೆ ಸಿಗುವುದು ಕಷ್ಟ. ಬೆಂಗಳೂರಿನ ಕಡೆಯಿಂದ ಬರುವವರಿಗೆ 2023ರ ಜೂನ್‌ನಿಂದ ವಂದೇ ಭಾರತ್ ರೈಲು ಇದೆ. ನಮ್ಮಂಥವರಿಗೆ ಸರಕಾರಿ ಬಸ್ಸೇ ಸರಿ. ಅದೇ ತಿಂಗಳು ಸುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ಟಿಲ್ಲ. ಮೊದಲು ಮೂರು ತಿಂಗಳಿಗೊಮ್ಮೆ ಮಗಳ ಮುಖ ನೋಡುತ್ತಿದ್ದ ತಾಯಂದಿರು ಈಗ ತಿಂಗಳಿಗೊಮ್ಮೆ ನೋಡುತ್ತಾರೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿದರೆ ಬೇಗ ಮುಟ್ಟುತ್ತೀರಿ. ಅದು ತಂಪು ಬಸ್ಸು, ಟಿಕೆಟ್ಟು ತೆಗೆಯಲೇಬೇಕು. ರೊಟ್ಟಿ ಡಬ್ಬಿಯನ್ನು ಕೈಚೀಲದಲ್ಲಿ ನಿಲ್ಲಿಸಿ ಇಡಬೇಡಿ, ತೊಡೆಯ ಮೇಲೆ ಅಡ್ಡ ಹಿಡಿದುಕೊಳ್ಳಿ. ತಿರುವಿನಲ್ಲಿ ಒಡೆದು ಪುಡಿಯಾಗುತ್ತವೆ.